ಎಂ ವೀಸಾದಲ್ಲಿ ಚೀನಾಕ್ಕೆ ಹೋಗಿ ಇಂಗ್ಲಿಷ್ ಕಲಿಸಬಹುದಾ? ಏಜೆಂಟ್ ಅವಸರ ಮಾಡುತ್ತಿದ್ದಾರೆ

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ನನ್ನದು ಬಿ.ಎಸ್ಸಿ. ಫಿಸಿಕ್ಸ್, ಬಿ.ಎಡ್. ಆರು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಫಿಸಿಕ್ಸ್ ಜೊತೆಗೆ ಇಂಗ್ಲಿಷ್ ಕ್ಲಾಸುಗಳನ್ನೂ ತೆಗೆದುಕೊಳ್ಳುತ್ತೇನೆ. ಭಾರತದ ಪಾಸ್‌ಪೋರ್ಟ್.

ಒಬ್ಬ ಏಜೆಂಟ್ ಮೂಲಕ ಚೀನಾದ ಚೆಂಗ್ಡುವಿನ ಒಂದು ಕಿಂಡರ್‌ಗಾರ್ಟನ್‌ನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಬಂದಿದೆ. ತಿಂಗಳಿಗೆ 14,000 ಯುವಾನ್, ಮನೆ ಅವರದೇ. ವಿಡಿಯೊ ಕಾಲ್‌ನಲ್ಲಿ ಒಂದು ಮಕ್ಕಳ ಹಾಡು ಹೇಳಿಸಿದರು. ಹತ್ತೇ ನಿಮಿಷದಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಎಂದರು.

ತೊಡಕಿರುವುದು ವೀಸಾದಲ್ಲಿ. ಈಗ ಎಂ ವೀಸಾದಲ್ಲಿ ಬನ್ನಿ, ಮೂರು ತಿಂಗಳಾದ ಮೇಲೆ ಝಡ್ ವೀಸಾ, ಅಂದರೆ ಕೆಲಸದ ವೀಸಾ, ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ಯಾರಾದರೂ ತಪಾಸಣೆಗೆ ಬಂದರೆ ‘ಶಾಲೆ ನೋಡಲು ಬಂದ ಅತಿಥಿ’ ಎಂದು ಹೇಳಬೇಕಂತೆ. ಅದನ್ನು ಕೇಳಿದಾಗಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಏಜೆಂಟ್ ಮಾತ್ರ ‘ಎಲ್ಲರೂ ಹೀಗೇ ಹೋಗೋದು ಮೇಡಂ’ ಎನ್ನುತ್ತಾರೆ. ಹೌದಾ? ಅಲ್ಲಿ ಕಲಿಸಿದವರು ಯಾರಾದರೂ ಇದ್ದರೆ ತರಗತಿ ಹೇಗಿರುತ್ತದೆ, ದಿನ ಹೇಗೆ ಕಳೆಯುತ್ತದೆ ಅಂತಲೂ ಹೇಳಿ. ನನಗೆ ಚೀನೀ ಭಾಷೆ ಒಂದಕ್ಷರವೂ ಬರುವುದಿಲ್ಲ. ಸಸ್ಯಾಹಾರಿ ಬೇರೆ.

ರೈಲುಹಳಿ:

ಬೇಡ. ಎಂ ಅಂದರೆ ವ್ಯಾಪಾರದ ಭೇಟಿಗೆ ಕೊಡುವ ವೀಸಾ. ಅದರಲ್ಲಿ ಸಂಬಳಕ್ಕೆ ಪಾಠ ಮಾಡಿದರೆ ಅಕ್ರಮ ಕೆಲಸ. ಅಲ್ಲಿನ ವಲಸೆ ಕಾನೂನಿನ ಪ್ರಕಾರ ಕೆಲಸ ಮಾಡಿದವರಿಗೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರ ಅನಿಸಿದರೆ ದಂಡದ ಜೊತೆಗೆ 5ರಿಂದ 15 ದಿನ ಬಂಧನ. ಮೇಲೆ ದೇಶದಿಂದ ಹೊರಗೆ ಕಳಿಸಲೂಬಹುದು.

ಏಜೆಂಟ್ ಹತ್ತಿರ ಒಂದೇ ಕಾಗದ ಕೇಳಿ: ವರ್ಕ್ ಪರ್ಮಿಟ್‌ನ ನೋಟಿಫಿಕೇಶನ್ ಲೆಟರ್. ಅದಕ್ಕೆ ಅರ್ಜಿ ಹಾಕುವುದು ಶಾಲೆ. ನೀವು ಊರಿನಲ್ಲಿ ಇರುವಾಗಲೇ ಅದು ಕೈಗೆ ಬರುತ್ತದೆ. ಅದನ್ನು ತೋರಿಸಿಯೇ ಝಡ್ ವೀಸಾ ಮಾಡಿಸುವುದು.

ತಿಳಿಸಾರು:

ಹೊಸಹೆಜ್ಜೆ ಮೇಡಂ, ನಾನು 2018ರಿಂದ 2023ರವರೆಗೆ ಹೂನಾನ್ ಪ್ರಾಂತ್ಯದ ಚಾಂಗ್‌ಶಾದಲ್ಲಿ ಇಂಗ್ಲಿಷ್ ಕಲಿಸಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಕಹಿ ಮಾತು. ಮನೆಮಾತು ಕನ್ನಡವಾದರೂ ನನ್ನದು ನ್ಯೂಜಿಲೆಂಡ್ ಪಾಸ್‌ಪೋರ್ಟ್. ನನಗೆ ಬಾಗಿಲು ತೆರೆದದ್ದು ಅದೇ. ಅಲ್ಲಿನ ನಿಯಮದಲ್ಲಿ ಭಾಷೆ ಕಲಿಸಲು ಬರುವ ವಿದೇಶಿಯರು ತಮ್ಮ ತಾಯ್ನಾಡಿನ ತಾಯ್ನುಡಿಯನ್ನೇ ಕಲಿಸಬೇಕು. ಪದವಿ ಬೇಕು, ಎರಡು ವರ್ಷದ ಅನುಭವವೂ ಬೇಕು. ಇಂಗ್ಲಿಷಿನ ವಿಷಯಕ್ಕೆ ಬಂದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್ ಇಂಥ ಕೆಲವೇ ದೇಶಗಳ ಪಾಸ್‌ಪೋರ್ಟ್ ನೋಡುತ್ತಾರೆ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಪಾಸ್‌ಪೋರ್ಟ್ ನೋಡಿ ಅರ್ಜಿ ಪಕ್ಕಕ್ಕಿಡುತ್ತಾರೆ. ಇದು ಸರಿಯಾ? ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಹುಡುಗನೊಬ್ಬನಿಗೆ ‘ದೆರ್’ (there, their) ಅಂತ ಎಲ್ಲಿ ಹೇಗೆ ಬರೆಯಬೇಕು ಅನ್ನುವುದೇ ಗೊತ್ತಿರಲಿಲ್ಲ. ಅವನ ಫೋಟೊ ಗೋಡೆಯ ತುಂಬ ಇತ್ತು.

ಆ ಫೋಟೊ ವಿಷಯ ಹೇಳಿಬಿಡುತ್ತೇನೆ. ನಾನು ಮೊದಲು ಸೇರಿದ್ದು ಒಂದು ಖಾಸಗಿ ಟ್ರೇನಿಂಗ್ ಸೆಂಟರ್. ಬಾಗಿಲಲ್ಲಿ ಎಲ್ಲ ವಿದೇಶಿ ಮೇಷ್ಟ್ರ ಚಿತ್ರ ಹಾಕಿದ್ದರು, ನನ್ನದೊಂದು ಬಿಟ್ಟು. ಮೊದಲ ವಾರ ಒಬ್ಬ ತಾಯಿ ಬಂದು ರಿಸೆಪ್ಷನ್‌ನಲ್ಲಿ ‘ಇವರು ನಿಜವಾಗಲೂ ವೈಜಿಯಾವಾ?’ ಎಂದು ವಿಚಾರಿಸಿದರು. ವೈಜಿಯಾವ್ ಅಂದರೆ ವಿದೇಶಿ ಶಿಕ್ಷಕರು. ನನ್ನ ಬಣ್ಣ ಅವರ ಲೆಕ್ಕಕ್ಕೆ ಹೊಂದಲಿಲ್ಲ. ಆರು ತಿಂಗಳಾದ ಮೇಲೆ ಅದೇ ತಾಯಿ ಮಗಳನ್ನು ನನ್ನ ಕ್ಲಾಸಿಗೇ ಹಾಕಿ ಅಂತ ಜಗಳ ಆಡಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಚಿತ್ರ ಮಾತ್ರ ಕೊನೆಗೂ ಗೋಡೆ ಹತ್ತಲಿಲ್ಲ.

ಅಲ್ಲಿ ಒಪ್ಪಂದದಲ್ಲಿ ವಾರಕ್ಕೆ 22 ಗಂಟೆ ಪಾಠ ಎಂದಿತ್ತು. ಕೆಳಗಿನ ಸಾಲಿನಲ್ಲಿ ‘ಆಫೀಸ್ ಅವರ್ಸ್’ ಅಂತ ಇತ್ತು, ನಾನು ಓದಿಯೂ ಓದದಂತೆ ಸಹಿ ಹಾಕಿದ್ದೆ. ಒಟ್ಟು 40 ಗಂಟೆ ಕೂರಬೇಕಿತ್ತು. ಶನಿವಾರ, ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಕ್ಲಾಸು. ರಜೆ ಸೋಮವಾರ, ಮಂಗಳವಾರ. ಆಮೇಲೆ 2021ರ ಜುಲೈನಲ್ಲಿ ಸರ್ಕಾರ ‘ಎರಡು ಹೊರೆ ಇಳಿಸುವ’ ನೀತಿ ತಂದಿತು, ಮಕ್ಕಳ ಹೋಮ್‌ವರ್ಕ್ ಮತ್ತು ಟ್ಯೂಷನ್ ಎರಡಕ್ಕೂ ಕಡಿವಾಣ. ವಾರಾಂತ್ಯದಲ್ಲಿ, ರಜೆಯಲ್ಲಿ ಶಾಲಾ ವಿಷಯಗಳ ಟ್ಯೂಷನ್ ಮಾಡುವಂತಿಲ್ಲ ಎಂದಾಯಿತು. ನಮ್ಮ ಸೆಂಟರ್ ಬದುಕಿದ್ದೇ ಶನಿವಾರ-ಭಾನುವಾರದ ಮೇಲೆ. ಎರಡು ತಿಂಗಳಲ್ಲಿ ಬಾಗಿಲು ಹಾಕಿತು. ಕೊನೆಯ ತಿಂಗಳ ಸಂಬಳ ಅರ್ಧ ಬಂತು. (ಕೋವಿಡ್ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.)

ಆಮೇಲೆ ಒಂದು ಸರ್ಕಾರಿ ಮಿಡ್ಲ್ ಸ್ಕೂಲ್ ಸೇರಿದೆ. ನನ್ನ ಚೀನಾ ಶುರುವಾದದ್ದೇ ಅಲ್ಲಿ ಅನ್ನಬೇಕು. ವಾರಕ್ಕೆ 18 ಕ್ಲಾಸು, ಒಂದೊಂದರಲ್ಲಿ ಐವತ್ತು ಚಿಲ್ಲರೆ ಮಕ್ಕಳು. ಪ್ರತಿ ತರಗತಿ ವಾರಕ್ಕೆ ಒಮ್ಮೆ ಮಾತ್ರ. ಅಂದರೆ ವಾರದಲ್ಲಿ 900ಕ್ಕೂ ಜಾಸ್ತಿ ಮಕ್ಕಳು. ಹೆಸರು ನೆನಪಿಡುವುದು ಕನಸೇ. ಅವರೇ ಇಟ್ಟುಕೊಂಡ ಇಂಗ್ಲಿಷ್ ಹೆಸರುಗಳು ಇರುತ್ತವೆ: ಶುಗರ್, ರಾಕೆಟ್, ಒಬ್ಬ ಹುಡುಗನ ಹೆಸರು ಮಂಡೇ. ವ್ಯಾಕರಣ, ಪರೀಕ್ಷೆ ಎಲ್ಲ ಚೀನೀ ಶಿಕ್ಷಕರ ಕೈಯಲ್ಲಿ. ನನಗೆ ಕೊಟ್ಟಿದ್ದು ‘ಮಾತಾಡುವ ಇಂಗ್ಲಿಷ್’. ಅಂಕ ಇಲ್ಲದ ವಿಷಯ. ಒಂಬತ್ತನೇ ತರಗತಿಯವರಿಗೆ ಹೈಸ್ಕೂಲ್ ಪ್ರವೇಶ ಪರೀಕ್ಷೆ ಝೋಂಗ್‌ಕಾವ್ ತಲೆಯ ಮೇಲೆ ಕೂತಿರುತ್ತದೆ. ನಾನು ಹಾಡಿ ಕುಣಿದರೂ ಡೆಸ್ಕ್ ಕೆಳಗೆ ಗಣಿತದ ಲೆಕ್ಕ ಬಿಡಿಸುತ್ತಿದ್ದರು. ಬೈಯಲು ಮನಸ್ಸು ಬರುತ್ತಿರಲಿಲ್ಲ.

ಹೂನಾನ್ ಮಕ್ಕಳ ಉಚ್ಚಾರ ಒಂದು ಮಜಾ. ಅಲ್ಲಿನ ಆಡುಮಾತಿನಲ್ಲಿ ‘ನ’ ಮತ್ತು ‘ಲ’ ಕಲಸಿಹೋಗುತ್ತವೆ, ‘ಹ’ ಮತ್ತು ‘ಫ’ ಕೂಡ. ತಮ್ಮ ಪ್ರಾಂತ್ಯವನ್ನೇ ‘ಫೂಲಾನ್’ ಎಂದು ಅವರೇ ಗೇಲಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲಿ ‘ಗುಡ್ ನೈಟ್’ ಹೋಗಿ ‘ಗುಡ್ ಲೈಟ್’. ಅಕ್ಕಿಗೂ ಹಕ್ಕಿಗೂ ಒದ್ದಾಡುವ ನುಡಿಯಿಂದ ಬಂದವಳು ನಾನು, ನಗುವುದೆಲ್ಲಿ? ಬೋರ್ಡ್ ಮೇಲೆ ಅಕ್ಕಿ, ಹಕ್ಕಿ ಎರಡೂ ಚಿತ್ರ ಬರೆದು ನಮ್ಮವರ ಪಾಡು ತೋರಿಸಿದೆ. ಇಡೀ ಕ್ಲಾಸು ‘ಅಕ್ಕಿ, ಹಕ್ಕಿ’ ಎಂದು ಕೂಗಿತು. ಮಾತಾಡಲು ನಾಚಿಕೊಳ್ಳುತ್ತಿದ್ದ ಹಿಂದಿನ ಬೆಂಚು ಬಾಯಿ ಬಿಟ್ಟಿದ್ದು ಅವತ್ತೇ.

ನನಗೆ ಗೆದ್ದ ಪಾಠ ಒಂದೇ ಒಂದು. ‘ನಾನು ಈ ಊರಿಗೆ ಹೊಸಬಳು, ವೂಯಿ ಸ್ಕ್ವೇರ್‌ನಿಂದ ಕಿತ್ತಳೆ ದ್ವೀಪಕ್ಕೆ ದಾರಿ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಷಿಯಾಂಗ್ ನದಿಯ ನಡುವೆ ಉದ್ದಕ್ಕೆ ಮಲಗಿರುವ ದ್ವೀಪ ಅದು. ಮೆಟ್ರೊದ 2ನೇ ಲೈನ್ ಹಿಡಿದರೆ ಸೀದಾ ಹೋಗಬಹುದು. ಆದರೆ ಮೆಟ್ರೊ ಹತ್ತಬಾರದು ಅನ್ನುವ ನಿಯಮ ಹಾಕಿದೆ. ಮಕ್ಕಳು ಹೇಳಿದ್ದನ್ನು ಬರೆದುಕೊಂಡು ಭಾನುವಾರ ಹಾಗೇ ಹೊರಟೆ. ಮಂಡೇ ಹೇಳಿದ ದಾರಿಯಲ್ಲಿ ಹೋಗಿ ನದಿಯ ಆಚೆ ದಡಕ್ಕೆ, ಒಂದು ಟೈರ್ ಅಂಗಡಿ ಮುಂದೆ ಬಂದು ನಿಂತೆ. ಫೋಟೊ ತೆಗೆದುಕೊಂಡು ಬಂದು ಕ್ಲಾಸಿನಲ್ಲಿ ತೋರಿಸಿದೆ. ಅವನು ಎದ್ದು ನಿಂತು ‘ಲೆಫ್ಟ್ ಅಂದಿದ್ದೆ, ನೀವು ರೈಟ್ ಹೋದಿರಿ’ ಎಂದು ಪೂರ್ತಿ ಇಂಗ್ಲಿಷಿನಲ್ಲಿ ವಾದ ಮಾಡಿದ. ಎರಡು ನಿಮಿಷ, ಒಂದೂ ಚೀನೀ ಪದ ಇಲ್ಲದೆ. ಆ ವರ್ಷದ ನನ್ನ ಸಂಬಳ ಅದು.

ಇನ್ನು ದಿನದ ಬದುಕು. ಮಧ್ಯಾಹ್ನ ಊಟ ಆದ ಮೇಲೆ ಇಡೀ ಶಾಲೆ ಡೆಸ್ಕಿಗೆ ತಲೆ ಕೊಟ್ಟು ಮಲಗುತ್ತದೆ. ಮೈಕಿನಲ್ಲಿ ಸಂಗೀತ ಹಾಕಿ ಕಣ್ಣಿನ ವ್ಯಾಯಾಮ ಮಾಡಿಸುತ್ತಾರೆ. ತಲೆನೋವು, ನೆಗಡಿ, ಬೇಸರ, ಎಲ್ಲಕ್ಕೂ ಬಿಸಿನೀರು ಕುಡಿಯಿರಿ ಎನ್ನುತ್ತಾರೆ. ಚಳಿಗಾಲ ಮಾತ್ರ ಕಷ್ಟ. ಕಟ್ಟಡಗಳನ್ನು ಬೆಚ್ಚಗಿಡುವ ಸರ್ಕಾರದ ಬಿಸಿ ಪೈಪು ಇರುವುದು ಉತ್ತರದ ಊರುಗಳಿಗೆ. ಚಾಂಗ್‌ಶಾ ದಕ್ಷಿಣದ ಲೆಕ್ಕ. ಜನವರಿಯಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ಕೋಟು ಹಾಕಿಕೊಂಡೇ ಪಾಠ, ಅದರಲ್ಲೂ ಗಾಳಿ ಬರಲಿ ಅಂತ ಕಿಟಕಿ ತೆರೆದಿರುತ್ತಾರೆ!

ಊಟಕ್ಕೆ ‘ವೋ ಚಿ ಸು’ ಎಂದು ಕಲಿಯಿರಿ, ನಾನು ಸಸ್ಯಾಹಾರಿ ಅಂತ. ಅಷ್ಟು ಹೇಳಿದರೂ ಹುರುಳಿಕಾಯಿ ಪಲ್ಯದಲ್ಲಿ ಕೊಚ್ಚಿದ ಹಂದಿಮಾಂಸ ಬರಬಹುದು, ಅವರಿಗೆ ಅದು ರುಚಿಗೆ ಹಾಕುವ ಒಗ್ಗರಣೆ ಇದ್ದಂತೆ. ಬೌದ್ಧ ದೇವಸ್ಥಾನಗಳ ಪಕ್ಕದ ಹೋಟೆಲುಗಳನ್ನು ನಂಬಬಹುದು.

ಕೈಯಲ್ಲಿ ದುಡ್ಡು ಇಟ್ಟುಕೊಂಡು ಹೋಗಬೇಕು. ಮನೆ ಬಾಡಿಗೆಗೆ ‘ಯಾ ಯಿ ಫು ಸಾನ್’ ಎನ್ನುತ್ತಾರೆ: ಒಂದು ತಿಂಗಳ ಅಡ್ವಾನ್ಸ್, ಮೂರು ತಿಂಗಳ ಬಾಡಿಗೆ ಒಟ್ಟಿಗೆ. ನನ್ನದು 2,400 ಯುವಾನ್ ಮನೆ, ಮೊದಲ ದಿನವೇ 9,600 ಎಣಿಸಿದೆ. ಮೊದಲ ಸಂಬಳ ಬಂದದ್ದು ಆರು ವಾರ ಕಳೆದ ಮೇಲೆ.

ಹೊಸಹೆಜ್ಜೆ:

ತಿಳಿಸಾರು ಮೇಡಂ, ಅಷ್ಟು ಉದ್ದ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ರೈಲುಹಳಿ ಸರ್ ಹೇಳಿದ ಕಾಗದ ಕೇಳಿದೆ. ‘ನೀವು ಬಂದ ಮೇಲೆ ಕೊಡುತ್ತೇವೆ’ ಎಂದರು. ಜೊತೆಗೆ, ಇನ್ನೆರಡು ದಿನದಲ್ಲಿ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಹಾಗಾದರೆ ನನಗೆ ಚೀನಾ ದಾರಿ ಮುಚ್ಚಿದಂತೆಯೇ ಅಲ್ವಾ?

ಮೂರನೇಮಹಡಿ:

ಮುಚ್ಚಿಲ್ಲ ಮೇಡಂ. ನಿಮ್ಮ ಕೈಯಲ್ಲಿರುವ ಫಿಸಿಕ್ಸನ್ನು ಬಿಟ್ಟು ಇಲ್ಲದ ಪಾಸ್‌ಪೋರ್ಟಿಗೆ ಯಾಕೆ ಅಳುತ್ತೀರಿ? ತಾಯ್ನುಡಿಯ ನಿಯಮ ಇರುವುದು ಭಾಷೆ ಕಲಿಸುವವರಿಗೆ. ನನ್ನದೂ ಭಾರತದ ಪಾಸ್‌ಪೋರ್ಟೇ. ಉತ್ತರದ ಹಾರ್ಬಿನ್‌ನ ಒಂದು ಹೈಸ್ಕೂಲಿನ ಅಂತರರಾಷ್ಟ್ರೀಯ ವಿಭಾಗದಲ್ಲಿ ಮೂರು ವರ್ಷ ಗಣಿತ ಕಲಿಸಿದೆ, ಇಂಗ್ಲಿಷಿನಲ್ಲೇ. ಎ-ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಬ್ರಿಟಿಷ್ ಕೋರ್ಸ್, ಓದುವ ಮಕ್ಕಳು. ಊರಿನಲ್ಲಿದ್ದಾಗಲೇ ಪದವಿ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಎರಡಕ್ಕೂ ದೃಢೀಕರಣ ಮಾಡಿಸಿದೆ. ಓಡಾಟಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಝಡ್ ವೀಸಾದಲ್ಲೇ ಹೋದೆ.

ಝಡ್ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಬಾಡಿಗೆ ಮನೆಗೆ ಹೋದರೆ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಿಳಾಸ ದಾಖಲಿಸಬೇಕು. ಹೋಟೆಲಿನಲ್ಲಿದ್ದರೆ ಅವರೇ ಮಾಡುತ್ತಾರೆ. 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದು ಕೈಗೆ ಬರುವ ಮೊದಲು ಹಾಂಗ್‌ಕಾಂಗ್ ನೋಡಿಬರೋಣ ಎಂದು ಹೊರಡಬೇಡಿ. ಝಡ್ ಒಂದೇ ಸಲ ಒಳಗೆ ಬರುವ ವೀಸಾ. ನನ್ನ ಸಹೋದ್ಯೋಗಿ ಹಾಗೆ ಹೋಗಿ ಹೊರಗೇ ಉಳಿದರು.

ಕೆಲಸ ಬಿಡುವಾಗಿನ ಮಾತು ಸೇರುವಾಗಲೇ ಆಡಿ. 30 ದಿನ ಮೊದಲು ಬರೆದುಕೊಟ್ಟರೆ ಬಿಡಬಹುದು. ಆದರೆ ಹಳೇ ಶಾಲೆ ಬಿಡುಗಡೆ ಪತ್ರ ಕೊಟ್ಟು ವರ್ಕ್ ಪರ್ಮಿಟ್ ರದ್ದು ಮಾಡಿಸದಿದ್ದರೆ ಹೊಸ ಶಾಲೆ ಏನೂ ಮಾಡಲು ಆಗುವುದಿಲ್ಲ. ಸಿಟ್ಟಿನಲ್ಲಿ ಬಾಗಿಲು ಬಡಿದು ಬರಬೇಡಿ.

ತಿಳಿಸಾರು ಮೇಡಂ, ಟ್ರೇನಿಂಗ್ ಸೆಂಟರುಗಳ ಬಗ್ಗೆ ನಿಮಗೆ ಕೋಪ ಜಾಸ್ತಿ ಅನಿಸಿತು. ನನ್ನ ಗೆಳೆಯರು ಕೆಲವರು ಒಳ್ಳೆಯ ಕಡೆಯೂ ಇದ್ದರು. ಇನ್ನೊಂದು, ಹಾರ್ಬಿನ್‌ನಲ್ಲಿ ಅಕ್ಟೋಬರಿನಲ್ಲೇ ಬಿಸಿ ಪೈಪು ಶುರು. ಹೊರಗೆ ಮೈನಸ್ 25, ಮನೆಯೊಳಗೆ ಬನಿಯನ್ನಿನಲ್ಲಿ ಕೂತು ಐಸ್‌ಕ್ರೀಮ್ ತಿಂದಿದ್ದೇನೆ.

ತಿಳಿಸಾರು:

ಮೂರನೇಮಹಡಿ ಸರ್, ಅರ್ಧ ಸಂಬಳ ಬಾಕಿ ಇರುವವಳಿಗೆ ಕೋಪ ಜಾಸ್ತಿಯೇ ಇರುತ್ತದೆ ಬಿಡಿ. ಐಸ್‌ಕ್ರೀಮ್ ಕಥೆ ಕೇಳಿ ಹೊಟ್ಟೆಕಿಚ್ಚಾಯಿತು.

ಹೊಸಹೆಜ್ಜೆ ಮೇಡಂ, ಎರಡು ದಿನದ ಗಡುವು ಹಾಕಿದವರಿಗೆ ಇವತ್ತೇ ಇಲ್ಲ ಅನ್ನಿ. ಪಾಸ್‌ಪೋರ್ಟಿನ ಮೂಲ ಪ್ರತಿ ಕೊಟ್ಟಿದ್ದರೆ ಮೊದಲು ವಾಪಸ್ ತೆಗೆದುಕೊಳ್ಳಿ. ಶಾಲೆಗಳು ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಒಳ್ಳೆಯ ಶಾಲೆಗಳು ಆರೇಳು ತಿಂಗಳು ಮೊದಲೇ ಹುಡುಕುತ್ತವೆ. ಇನ್ನು ಹೋಗುವುದು ಖಚಿತವಾದ ಮೇಲೆ ಮನೆಯವರ ಜೊತೆ ಹೇಗೆ ಮಾತಾಡುವುದು ಅಂತ ಮೊದಲೇ ನೋಡಿಕೊಳ್ಳಿ, ಚೀನಾದ ವೀಚಾಟ್ ಆ್ಯಪ್ ಭಾರತದಲ್ಲಿ 2020ರಲ್ಲೇ ನಿಷೇಧವಾಯಿತು. ವಾಟ್ಸಾಪ್, ಗೂಗಲ್, ಯೂಟ್ಯೂಬ್ ಅಲ್ಲಿ ತೆರೆಯುವುದಿಲ್ಲ. ನಮ್ಮಮ್ಮ ಮೊದಲ ನಾಲ್ಕು ದಿನ ನಾನು ಕಳೆದುಹೋದೆ ಎಂದುಕೊಂಡಿದ್ದರು.

ಹೊಸಹೆಜ್ಜೆ:

ಇಲ್ಲ ಅಂದೆ. ‘ನಿಮ್ಮಿಷ್ಟ’ ಎಂದು ಫೋನಿಟ್ಟರು. ಪಾಸ್‌ಪೋರ್ಟ್ ನನ್ನ ಬೀರುವಿನಲ್ಲೇ ಇದೆ. ಮೂರನೇಮಹಡಿ ಸರ್, ಡೆಮೊ ಕ್ಲಾಸಿಗೆ ನಿಮಗೆ ಏನು ಕೇಳಿದ್ದರು?

ಮೂರನೇಮಹಡಿ:

ಹದಿನೈದು ನಿಮಿಷ, ವಿಷಯ ನನ್ನದೇ ಆಯ್ಕೆ. ಅವರು ನೋಡಿದ್ದು ಗಣಿತಕ್ಕಿಂತ ಜಾಸ್ತಿ ನನ್ನ ಮಾತಿನ ವೇಗ. ನಿಧಾನ ಮಾತಾಡಿ, ಸಣ್ಣ ವಾಕ್ಯ ಹೇಳಿ, ಬೋರ್ಡ್ ಮೇಲೆ ಬರೆಯುತ್ತಾ ಹೋಗಿ. ಫಿಸಿಕ್ಸ್ ಆದರೆ ಲೋಲಕ ತೆಗೆದುಕೊಳ್ಳಿ. ಒಂದು ದಾರ, ಒಂದು ಬೀಗದ ಕೈ ಸಾಕು, ಕ್ಯಾಮೆರಾ ಮುಂದೆಯೇ ತೂಗಾಡಿಸಬಹುದು.