ಬಟ್ಟಲು ಮೂಸಿ ನೋಡಿ ಸುಮ್ನೆ ಹೋಗಿಬಿಡುತ್ತೆ, ಏನು ಮಾಡೋದು?

ನಮ್ಮ ಪೊಮೆರೇನಿಯನ್ ನಾಯಿಗೆ 3 ವರ್ಷ. ಡ್ರೈ ಫುಡ್ ಹಾಕಿದರೆ ಮೂಸಿ, ಮೂತಿಯಿಂದ ಒಂದೆರಡು ಕಾಳು ಆಚೆ ತಳ್ಳಿ, ನನ್ನ ಮುಖ ನೋಡುತ್ತಾ ಕೂರುತ್ತದೆ. ಬೇಯಿಸಿದ ಕೋಳಿ ಮಾತ್ರ ಬೇಕು. ಅದನ್ನೇ ದಿನಾ ಕೊಟ್ಟರೆ ಆಗಲ್ವಾ?

ಉತ್ತರ 1:
ಬರೀ ಕೋಳಿ ಬೇಡ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಹಾಗೆ ತಿಂಗಳುಗಟ್ಟಲೆ ನಡೆದರೆ ನಾಯಿಯ ಮೂಳೆಯೇ ಸವೆಯುತ್ತದೆ. ಹಾಗಂತ ಬೇಯಿಸಿದ ಮೂಳೆ ಹಾಕಬೇಡಿ, ಸಿಬಿರೆದ್ದು ಗಂಟಲು, ಕರುಳಿಗೆ ಚುಚ್ಚುತ್ತದೆ. ಮೊದಲು ಬಾಯಿ ತೆರೆದು ನೋಡಿ. ಸಣ್ಣ ತಳಿಗಳಿಗೆ ಹಲ್ಲು, ಒಸಡಿನ ತೊಂದರೆ ಜಾಸ್ತಿ. ಗಟ್ಟಿ ಕಾಳು ಕಡಿಯಲು ನೋವಾದರೆ ಅದು ಹಟ ಅಲ್ಲ.

ಉತ್ತರ 2:
ಹಲ್ಲು ಸರಿಯಿದ್ದರೆ ಕಾಳಿಗೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ, ವಾಸನೆ ಏಳುತ್ತದೆ. ಕೋಳಿಯನ್ನು ಚೂರು ಚೂರು ಮಾಡಿ ಅದರಲ್ಲೇ ಕಲಸಿ. 7ರಿಂದ 10 ದಿನದಲ್ಲಿ ಕೋಳಿ ಇಳಿಸುತ್ತಾ ಕಾಳು ಏರಿಸಿ. 20 ನಿಮಿಷ ಇಟ್ಟು ಬಟ್ಟಲು ಎತ್ತಿಬಿಡಿ, ನಡುವೆ ಏನೂ ಕೊಡಬೇಡಿ, ಮನೆಯವರೆಲ್ಲ ಇದಕ್ಕೆ ಒಪ್ಪಬೇಕು. ತಿಂಡಿ ದಿನದ ಕ್ಯಾಲೊರಿಯ 10% ದಾಟದಿರಲಿ. ಇಷ್ಟು ಸಣ್ಣ ನಾಯಿಗೆ ಎರಡು ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬುತ್ತದೆ! ರುಚಿಗೆ ಅಂತ ಈರುಳ್ಳಿ, ಬೆಳ್ಳುಳ್ಳಿ ಇರುವ ಸಾರು ಹಾಕಲೇಬೇಡಿ, ಅವು ನಾಯಿಗೆ ವಿಷ.

ಉತ್ತರ 3:
ಹಸಿದರೆ ತಾನೇ ತಿನ್ನುತ್ತೆ ಅಂತ ತುಂಬಾ ಕಾಯಬೇಡಿ. ಪುಟ್ಟ ನಾಯಿಗಳಿಗೆ, ಅದರಲ್ಲೂ ಮರಿಗಳಿಗೆ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಇಡೀ ದಿನ ಏನೂ ಮುಟ್ಟದಿದ್ದರೆ ವೆಟ್‌ಗೆ ತೋರಿಸಿ. ನಡುಕ, ವಾಂತಿ, ಸುಸ್ತು ಕಂಡರೆ ತಕ್ಷಣ ಹೊರಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಾಳೆಯೇ ಹಲ್ಲು ತೋರಿಸುತ್ತೇನೆ, ಆಮೇಲೆ ಕಲಸಿ ಕೊಡೋದು ಶುರು.