ಎಡಬ್ಲ್ಯೂ, ಎಡಬ್ಲ್ಯೂಪಿ, ಎಡಬ್ಲ್ಯೂಎಂ: ಅಕ್ಷರ ಬದಲಾದರೆ ರೈಫಲ್ ಎಷ್ಟು ಬದಲಾಗುತ್ತೆ?

ಪ್ರಶ್ನೆ
ಅಕ್ಯುರಸಿ ಇಂಟರ್‌ನ್ಯಾಷನಲ್‌ನ ಆರ್ಕ್ಟಿಕ್ ವಾರ್‌ಫೇರ್ (ಎಡಬ್ಲ್ಯೂ) ಸ್ನೈಪರ್ ರೈಫಲ್ ಸರಣಿಯಲ್ಲಿ ಹೆಸರುಗಳ ಸಾಲೇ ಇದೆ. ಎಲ್ಲಾ ಒಂದೇ ಬಂದೂಕು, ಬ್ಯಾರಲ್ ಮಾತ್ರ ಬೇರೆ ಅಂತ ಕೇಳಿದ್ದೇನೆ. ಹಾಗಾದರೆ ಎಡಬ್ಲ್ಯೂಗೆ ದೊಡ್ಡ .338 ಲಪುವಾ ತೋಟಾದ ಬ್ಯಾರಲ್ ಹಾಕಿದರೆ ಅದೇ ಎಡಬ್ಲ್ಯೂಎಂ (ಎಂ ಅಂದರೆ ಮ್ಯಾಗ್ನಮ್) ಆಗಿಬಿಡುತ್ತಾ?

ಉತ್ತರ 1
ಆಗಲ್ಲ. ಎಡಬ್ಲ್ಯೂನ 7.62×51 ತೋಟಾದ ಒಟ್ಟು ಉದ್ದ ಸುಮಾರು 71 ಮಿ.ಮೀ., .338ರದ್ದು 93.5. ಮ್ಯಾಗಜಿನ್‌ನಲ್ಲೇ ಕೂರಲ್ಲ, ಬೋಲ್ಟ್ (ತೋಟಾ ಒಳತಳ್ಳಿ ಬೀಗ ಹಾಕುವ ಭಾಗ) ಅಷ್ಟು ಹಿಂದಕ್ಕೆ ಬರೋದೂ ಇಲ್ಲ. ತೋಟಾದ ಬುಡದ ಅಂಚು ಒಂದರದ್ದು 12 ಮಿ.ಮೀ., ಇನ್ನೊಂದರದ್ದು 14.9, ಬೋಲ್ಟಿನ ಮುಖವೇ ಬೇರೆ ಬೇಕು. ಅದಕ್ಕೇ ಎಡಬ್ಲ್ಯೂಎಂಗೆ ಉದ್ದದ ರಿಸೀವರ್ (ಬೋಲ್ಟ್ ಓಡಾಡುವ ಮೈ). ಮ್ಯಾಗಜಿನ್ ಕೂಡ 10ರ ಬದಲು 5 ತೋಟಾದ್ದು.

ಉಳಿದವು ನಿಜಕ್ಕೂ ಹತ್ತಿರದ ಸಂಬಂಧಿಗಳೇ. ಎಫ್ ಅಂದರೆ ಮಡಚುವ ಹಿಡಿ (ಸ್ಟಾಕ್). ಪಿ ಪೊಲೀಸರದ್ದು: ಕಪ್ಪು ಬಣ್ಣ, ಬ್ಯಾರಲ್ 660ರ ಬದಲು 610 ಮಿ.ಮೀ. ಎಸ್ ಸದ್ದಡಗಿಸುವ ಮಾದರಿ.

ಉತ್ತರ 2
ಅಕ್ಷರಕ್ಕಿಂತ ಚಾಸಿ (ಒಳಗಿನ ಚೌಕಟ್ಟು) ನೋಡಿ, ಈ ಬಂದೂಕಿನ ಜೀವ ಇರೋದು ಅಲ್ಲಿ. ರಿಸೀವರನ್ನು ಅಲ್ಯೂಮಿನಿಯಂ ಚಾಸಿಗೆ ಸ್ಕ್ರೂ ಬಿಗಿದು, ಎಪಾಕ್ಸಿಯಿಂದಲೂ ಅಂಟಿಸಿರುತ್ತಾರೆ. ಹೊರಗೆ ಕಾಣುವ ಹಸಿರು ಪ್ಲಾಸ್ಟಿಕ್ ಎರಡು ಹೋಳು ಹೊದಿಕೆ ಅಷ್ಟೇ. ಮರದ ಹಿಡಿ ತೇವಕ್ಕೆ ಉಬ್ಬಿ ಬ್ಯಾರಲ್‌ಗೆ ತಾಗಿದರೆ ಗುಂಡು ಬೀಳುವ ಜಾಗ ಸರಿಯುತ್ತೆ; ಇಲ್ಲಿ ಬ್ಯಾರಲ್ ಎಲ್ಲೂ ತಾಗದೆ ತೇಲುತ್ತೆ. ಯಾವ ರೈಫಲ್ ಆದರೂ ಪರೀಕ್ಷೆ ಸುಲಭ: ಮೊದಲು ಖಾಲಿ ಮಾಡಿ, ಬ್ಯಾರಲ್ ಕೆಳಗೆ ಕಾಗದದ ಪಟ್ಟಿ ತೂರಿಸಿ ರಿಸೀವರ್ ತನಕ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ತೊಂದರೆ.

ಉತ್ತರ 3
ಬೋಲ್ಟ್ ತಿರುಗುವ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಲಗ್ (ಬೀಗ ಹಾಕುವ ಹಲ್ಲು) ಇರುವ ಮೌಸರ್ ಮಾದರಿಯ ಬೋಲ್ಟ್ 90 ಡಿಗ್ರಿ ತಿರುಗಬೇಕು. ಇದಕ್ಕೆ ಮೂರು ಲಗ್, 60 ಡಿಗ್ರಿ ಸಾಕು. ಬೋಲ್ಟಿನ ಹಿಡಿಕೆ ಸ್ಕೋಪಿಗೆ (ಗುರಿಯ ದೂರದರ್ಶಕ) ಬಡಿಯಲ್ಲ. ಆದರೆ ಪುಕ್ಕಟೆ ಅಲ್ಲ: ಬೋಲ್ಟ್ ತೆರೆಯುವಾಗಲೇ ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಬಿಗಿಯಾಗುತ್ತೆ, ಕಡಿಮೆ ತಿರುವಿನಲ್ಲಿ ಅಷ್ಟೇ ಕೆಲಸ ಆಗಬೇಕಾದ್ದರಿಂದ ಎತ್ತೋದು ಬಿಗಿ ಅನ್ನಿಸುತ್ತೆ.

‘ಆರ್ಕ್ಟಿಕ್’ ಬಂದಿದ್ದು ಸ್ವೀಡನ್ ಸೇನೆಯ ಬೇಡಿಕೆಯಿಂದ. ಅಲ್ಲಿ ಇದರ ಹೆಸರು ಪಿಎಸ್‌ಜಿ 90. ಮೈನಸ್ 40 ಡಿಗ್ರಿಯಲ್ಲೂ ಬೋಲ್ಟ್ ಹೆಪ್ಪುಗಟ್ಟಬಾರದು, ದಪ್ಪ ಕೈಗವಸಿನ ಬೆರಳು ಟ್ರಿಗರ್ ಗಾರ್ಡ್ ಒಳಗೆ ಹೋಗಬೇಕು. ಹಾಗಂತ ಬೋಲ್ಟ್ ಒಳಗೆ ಗ್ರೀಸ್ ಮೆತ್ತಿದರೆ ಈ ವಿನ್ಯಾಸವೂ ಕಾಪಾಡಲ್ಲ. ಗ್ರೀಸ್ ಗಟ್ಟಿಯಾಗಿ ಪಿನ್ ನಿಧಾನವಾಗುತ್ತೆ, ಪ್ರೈಮರ್ (ತೋಟಾದ ಬುಡದ ಕಿಡಿಮದ್ದು) ಮೇಲೆ ತೆಳು ಗುಳಿ ಬೀಳುತ್ತೆ, ಗುಂಡು ಹಾರಲ್ಲ.

ಪ್ರಶ್ನೆ ಕೇಳಿದವರು
ಎಡಬ್ಲ್ಯೂಎಸ್‌ನಲ್ಲಿ ಬ್ಯಾರಲ್ ಬದಲಿಸಬಹುದು ಅಂತಾರಲ್ಲ, ಅದು?

ಉತ್ತರ 1
ಬದಲಿಸಬಹುದು. ಸದ್ದಡಗಿಸುವ ಬ್ಯಾರಲ್ ಬಿಚ್ಚಿ ಮಾಮೂಲಿ ಬ್ಯಾರಲ್ ಹಾಕೋಕೆ ಮೂರು ನಿಮಿಷ ಸಾಕು. ಆದರೆ ಮೊದಲನೆಯದು ಶಬ್ದಕ್ಕಿಂತ ನಿಧಾನದ ತೋಟಾಕ್ಕೆ, ಸುಮಾರು 300 ಮೀಟರ್ ಒಳಗಿನ ಕೆಲಸಕ್ಕೆ. ಬ್ಯಾರಲ್ ಬದಲಾದ ಕೂಡಲೇ ಹಳೇ ಜೀರೋ (ಸ್ಕೋಪಿನ ಗುರಿ ಹೊಂದಿಕೆ) ಕೆಲಸಕ್ಕೆ ಬರಲ್ಲ, ಸ್ಕೋಪ್ ಮತ್ತೆ ಹೊಂದಿಸಲೇಬೇಕು. ಎರಡೂ ಬ್ಯಾರಲ್‌ಗಳ ಕ್ಲಿಕ್ (ಸ್ಕೋಪ್ ತಿರುವಿನ ಹೆಜ್ಜೆ) ಲೆಕ್ಕ ಬರೆದಿಟ್ಟುಕೊಳ್ಳಿ.