ಸಹಾಯ ಬೇಕು: ಪೋರಸ್‌ನ ಆನೆಗಳನ್ನು ಎಲ್ಲಿ ನಿಲ್ಲಿಸಲಿ?

ಎಲ್ಲರಿಗೂ ನಮಸ್ಕಾರ. ಅಲೆಕ್ಸಾಂಡರ್ ಮತ್ತು ಪೋರಸ್ ರಾಜನ ನಡುವೆ ನಡೆದ ಕ್ರಿ.ಪೂ. 326ರ ಝೇಲಂ ಕದನವನ್ನು ಡಿಬಿಎ (ಪುಟ್ಟ ಗೊಂಬೆಗಳಿಂದ ಹಳೆಯ ಕಾಲದ ಯುದ್ಧ ಆಡುವ ಆಟ) ನಿಯಮದಲ್ಲಿ ಮೇಜಿನ ಮೇಲೆ ಆಡಲಿದ್ದೇವೆ. 15 ಎಂಎಂ ಗೊಂಬೆಗಳು, ಒಂದೊಂದು ಪಕ್ಷಕ್ಕೆ 12 ತುಕಡಿ. ಅಲೆಕ್ಸಾಂಡರ್ ಗೆಳೆಯನ ಪಾಲಿಗೆ, ಪೋರಸ್ ನನಗೆ.

ಅಲೆಕ್ಸಾಂಡರನ ದಂಡಯಾತ್ರೆಯ ಕಥೆ ಬರೆದ ಗ್ರೀಕ್ ಇತಿಹಾಸಕಾರ ಏರಿಯನ್ ಹೇಳಿದಂತೆ ಆನೆಗಳನ್ನು ಕಾಲಾಳುಗಳ ಮುಂದೆ ಬಿಡಿಬಿಡಿಯಾಗಿ ನಿಲ್ಲಿಸುವ ಆಸೆ. ನೋಡೋಕೆ ಕಣ್ಣಿಗೆ ಹಬ್ಬ! ಆದರೆ ಬಿಡಿ ತುಕಡಿ ಒಂದೊಂದನ್ನು ನಡೆಸಲೂ ದಾಳದಲ್ಲಿ ಬಿದ್ದ ಅಂಕ ಖರ್ಚು ಮಾಡಬೇಕು. ದಾಳದಲ್ಲಿ ಒಂದು ಬಿದ್ದರೆ ಉಳಿದ ಆನೆಗಳು ಸುಮ್ನೆ ನಿಲ್ಲಬೇಕು. ಒತ್ತಾಗಿ ಸಾಲು ಕಟ್ಟಿದರೆ ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಇತಿಹಾಸದ ಚಿತ್ರ ಮಾತ್ರ ಕೆಡುತ್ತದೆ. ನೀವಾದರೆ ಏನು ಮಾಡುತ್ತೀರಿ?

ಇನ್ನೊಂದು: ಆಳೆತ್ತರದ ಬಿಲ್ಲನ್ನು ಎಡಗಾಲಲ್ಲಿ ಒತ್ತಿ ಹಿಡಿದ ಭಾರತೀಯ ಬಿಲ್ಲುಗಾರರ ಗೊಂಬೆ ಈ ಅಳತೆಯಲ್ಲಿ ಯಾರ ಹತ್ತಿರವಾದರೂ ಇದೆಯಾ? ಫೋಟೋ ಹಾಕಿದರೂ ಸಾಕು, ಬಣ್ಣ ಹಚ್ಚಲು ಜಾಸ್ತಿ ಅನುಕೂಲ.